ತಲೆಕೆಳಗಾದ ಒಂದು ಹೂವು

ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಮಲ್ಲಿಗೆಯನ್ನು ಎಳೆದು ಹಿಡಿದು, ಇನ್ನೇನು ನಾರು ಕತ್ತರಿಸಬೇಕು ಎನ್ನುವಾಗ ನಳಿನಾಕ್ಷಿಯ ಮಡಿಲಲ್ಲಿದ್ದ ಮೊಬೈಲು ಟಿಣ್ ಎಂದಿತು. ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತು.

"ಫೋನ್ ಆಮ್ಯಾಲ ನೋಡಕೊ," ಎಂದರು ಎದುರಿಗೆ ನಿಂತಿದ್ದ ಸುಶೀಲಾಬಾಯಿ. "ಮೊಳ ಗಿಡ್ಡ ಮಾಡಾಕ ನಿನಗ ಚಲೋ ನೆವ ಸಿಕ್ಕೈತಿ."

"ಗಿಡ್ಡ ಆದದ್ದು ನಿಮ್ಮ ಜಡೆ ಬಾಯಿ, ನನ್ನ ಮೊಳ ಅಲ್ಲ," ಎನ್ನುತ್ತಾ ನಳಿನಾಕ್ಷಿ ನಾರು ಕತ್ತರಿಸಿ ಹೂವನ್ನು ಎಲೆಯ ಮೇಲಿಟ್ಟು ಕೊಟ್ಟಳು.

ಸುಶೀಲಾಬಾಯಿ ಧಾರವಾಡದ ಕಡೆಯವರು. ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ಅವರ ಯಜಮಾನರ ಬಟ್ಟೆ ಅಂಗಡಿ. ಶುಕ್ರವಾರ ಬಂತೆಂದರೆ ಸ್ಟೇಷನ್ನಿನ ಹೊರಗೆ ನಳಿನಾಕ್ಷಿ ಕೂರುವ ಜಾಗಕ್ಕೆ ತಪ್ಪದೆ ಬರುತ್ತಿದ್ದರು. ಅವರು ಹೂವನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿ, "ಏನ್ ಹೂವಬೇ ಇದು..." ಎಂದವರು ಉಳಿದ ಮಾತನ್ನು ಅಲ್ಲಿಯೇ ನುಂಗಿಕೊಂಡರು. "ಏನಿಲ್ಲ ಬಿಡ. ಸುಮಾರ ಅದಾವ. ಬಾಡಿದಂಗ ಅದಾವ."

ಸುಳ್ಳೆಂದು ಇಬ್ಬರಿಗೂ ಗೊತ್ತು. ಚೆಂದದ ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವ ಹಾಗೆ, ಚೆಂದದ ಹೂವಿಗೆ ಇಂಥದೊಂದು ಸುಳ್ಳನ್ನು ಇಡುವುದು ಘಟ್ಟದ ಮೇಲೂ ಉಂಟು, ಘಟ್ಟದ ಕೆಳಗೂ ಉಂಟು.

ಅವರು ಹೋದ ಮೇಲೆ ನಳಿನಾಕ್ಷಿ ಮೊಬೈಲನ್ನು ಕೈಗೆತ್ತಿಕೊಂಡಳು. ಹೂವಿನ ಆ್ಯಪು ದಿನವೂ ಕೇಳುವ ಪ್ರಶ್ನೆ: ಇವತ್ತಿನ ಹೂವು ಹೇಗಿತ್ತು? ಪ್ರಶ್ನೆಯ ಪಕ್ಕದಲ್ಲಿ ಹೂವು ಬೆಳೆದವಳ ಪುಟ್ಟ ಫೋಟೋ; ಕೆಳಗೆ ಸಾಲಾಗಿ ಐದು ಖಾಲಿ ನಕ್ಷತ್ರ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಅಗಲ ಮೂಗುಬೊಟ್ಟು ಇಟ್ಟುಕೊಂಡು, ಯಾರೋ ಹೆದರಿಸಿ ನಿಲ್ಲಿಸಿದ ಹಾಗೆ ನಿಂತಿದ್ದ ಆ ಮುಖ ಸುಗುಣಾಳದು. ನಳಿನಾಕ್ಷಿ ಒದ್ದೆ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡು ಒಂದೊಂದೇ ನಕ್ಷತ್ರ ಒತ್ತಿದಳು. ನಾಲ್ಕಾಯಿತು. ಐದನೆಯದನ್ನು ಬಿಟ್ಟಳು.

ದಿನವೂ ಹಾಗೆಯೇ ಬಿಡುತ್ತಿದ್ದಳು. ಒಮ್ಮೊಮ್ಮೆ ಬೇರೆಯವರ ಮನೆಯ ಹೂವೂ ಬರುತ್ತಿತ್ತು. ಅದಕ್ಕೆ ಮುಖವನ್ನೂ ನೋಡದೆ ಐದನ್ನೂ ಒತ್ತಿ ಮುಗಿಸುವಳು. ಗುರುತಿಲ್ಲದ ಹೂವು, ಅದಕ್ಕೆ ಅವಳ ಕಣ್ಣು ತಾಗುವ ಭಯವಿರಲಿಲ್ಲ. ಸುಗುಣಾಳ ಹೂವಿಗೆ ಮಾತ್ರ ಒಂದು ಕಡಿಮೆ.

ಸೊಸೆ ರಮಿತಾ ಇದನ್ನು ಮೊದಲ ವಾರವೇ ಗಮನಿಸಿದ್ದಳು. ಅವಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಅತ್ತೆಯ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ತಿರುಗಿ ಬರುತ್ತಿದ್ದ ಉತ್ತರ ಮಾತ್ರ ಅರ್ಧ ಹಿಂದಿ.

"ಅತ್ತೆ, ಇಷ್ಟು ಹೊಗಳ್ತೀರಿ, ಫಿರ್ ಚಾರ್ ಕಾಯ್ಕೋ? ಪಾಂಚ್ ದೇದೋ ನಾ."

"ಪೂರ್ತಿ ತುಂಬಿಸಬಾರದು ಮಾರಾಯ್ತಿ. ಒಂದು ಖಾಲಿ ಇದ್ದರೆ ಒಳ್ಳೇದು."

"ಆ್ಯಪ್ ಕೋ ಭೀ ನಜರ್ ಲಗ್ತಾ ಹೈ ಕ್ಯಾ?"

"ಆ್ಯಪಿಗೆ ಅಲ್ಲ. ಸುಗುಣಂಗೆ."

ರಮಿತಾ ನಕ್ಕಳು. ಅದು ನಗುವಂಥದೇ ಆಗಿತ್ತು, ಆಗ.

ಸುಗುಣಾ ನಳಿನಾಕ್ಷಿಯ ನೆಂಟಳಲ್ಲ, ಒಂದೇ ಊರಿನವಳೂ ಅಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಎದುರಿಗೆ ಕಂಡದ್ದೇ ಇಲ್ಲ. ನಳಿನಾಕ್ಷಿಯ ಗಂಡ ಕಲ್ಯಾಣದ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದವನು ತೀರಿಕೊಂಡ ಮೇಲೆ, ಚಿಕ್ಕ ಮಗನನ್ನು ಸಾಕಲು ಅವಳು ಹೂವಿಗೆ ಕೂತಳು. ಶಂಕರಪುರದ ಮಲ್ಲಿಗೆ ಎಂದರೆ ಇಲ್ಲಿರುವ ತುಳುನಾಡಿನ ಹೆಂಗಸರು ಬಾಯಿ ಬಿಡುತ್ತಾರೆ. ಊರಿನ ಏಜೆಂಟನೊಬ್ಬ ಅವಳ ಪಾಲಿಗೆ ಗೊತ್ತು ಮಾಡಿಕೊಟ್ಟದ್ದು ಶಿರ್ವದ ಹತ್ತಿರದ ಸುಗುಣಾಳ ಮನೆ. ಅಲ್ಲಿ ಬೆಳಗಿನ ಜಾವ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಸುತ್ತಿ, ಒದ್ದೆ ಬಾಳೆಲೆ ಹಾಸಿದ ಬೆತ್ತದ ಬುಟ್ಟಿಯಲ್ಲಿಟ್ಟರೆ, ಅದು ಉಡುಪಿಯಿಂದ ಹೊರಡುವ ಬಸ್ಸಿನಲ್ಲಿ ಮರುದಿನ ಕಳಂಬೋಲಿಗೆ ಬಂದು ಇಳಿಯುತ್ತಿತ್ತು.

ನಳಿನಾಕ್ಷಿ ಡೊಂಬಿವಲಿ ಹತ್ತಿರದ ದಿವಾದಲ್ಲಿದ್ದ ತನ್ನ ಒಂದೇ ಕೋಣೆಯ ಖೋಲಿಗೆ ಬೀಗ ಹಾಕಿ, ಬೆಳಗಿನ ಪನ್ವೇಲ್ ಗಾಡಿ ಹತ್ತಿ, ಕಳಂಬೋಲಿಯ ಕಬ್ಬಿಣದ ಲಾರಿಗಳ ನಡುವೆ ಹೆದ್ದಾರಿಯ ಅಂಚಿನಲ್ಲಿ ನಿಂತಿರುತ್ತಿದ್ದಳು. ಬಸ್ಸಿನ ಪಾರ್ಸೆಲ್ ನೋಡಿಕೊಳ್ಳುವ ಪೂವಪ್ಪ ಬಾಗಿಲಿನಿಂದಲೇ ಬುಟ್ಟಿ ಇಳಿಸುವನು. "ತಗೊಳ್ಳಿ ನಳಿನಕ್ಕ, ನಿಮ್ಮ ತಂಗಿ ಕಳಿಸಿದ್ದು," ಎನ್ನುವನು. ತಂಗಿ ಎಂಬುದು ಅವನೇ ಹಚ್ಚಿದ ನಂಟು.

ಮೊದಲ ದಿನವೇ ನಳಿನಾಕ್ಷಿ ಒಂದು ವಿಚಿತ್ರ ಕಂಡಿದ್ದಳು. ಚೆಂಡಿನ ಹೂವೆಲ್ಲ ಒಂದೇ ಮುಖವಾಗಿ ಕಟ್ಟಿದ್ದು, ಕೊನೆಯ ಒಂದು ಹೂವು ಮಾತ್ರ ತಲೆಕೆಳಗು. ಅವಸರದಲ್ಲಿ ತಪ್ಪಿರಬೇಕು ಎಂದುಕೊಂಡಳು. ಮರುದಿನದ ಚೆಂಡಿನಲ್ಲೂ ಹಾಗೆಯೇ. ಪೂವಪ್ಪನ ಬಾಯಲ್ಲಿ ಕೇಳಿ ಕಳಿಸಿದಳು. ಉತ್ತರವೂ ಅವನ ಬಾಯಲ್ಲೇ ಬಂತು: "ದೃಷ್ಟಿಗಂತೆ ಮಾರಾಯ್ರೆ. ಅಷ್ಟೊಂದು ಹೂವು ಒಂದೇ ಸಮ ಚೆಂದ ಆಗಬಾರದಂತೆ."

ನಳಿನಾಕ್ಷಿಗೆ ಅದನ್ನು ಕೇಳಿ, ಕಳಂಬೋಲಿಯ ಆ ಧೂಳಿನಲ್ಲಿ ನಿಂತುಕೊಂಡೇ, ತನ್ನ ಅಮ್ಮನ ಕೈ ನೆನಪಾಯಿತು. ಅಮ್ಮನೂ ಅಂಗಳದ ರಂಗೋಲಿಯಲ್ಲಿ ಒಂದು ಗೆರೆಯನ್ನು ಬೇಕೆಂದೇ ಸೊಟ್ಟ ಎಳೆಯುತ್ತಿದ್ದಳು.

ಅಂದಿನಿಂದ ಆ ಬುಟ್ಟಿ ಒಮ್ಮೆಯೂ ಬರಿದಾಗಿ ಹಿಂದಕ್ಕೆ ಹೋಗಲಿಲ್ಲ. ತುಂಬಿ ಬಂದ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸುವುದು ಅವರ ಕಡೆ ಇಲ್ಲ. ಬೇರೇನೂ ಇಲ್ಲದ ದಿನ ಒಂದು ಅಚ್ಚು ಬೆಲ್ಲವಾದರೂ ಸರಿ. ಚಕ್ಕುಲಿ, ಹಸಿರು ಗಾಜಿನ ಬಳೆ, ಸುಗುಣಾಳ ಮಗಳು ಭಾಗ್ಯಾಳ ಬಾಣಂತನಕ್ಕೆ ಉಣ್ಣೆಯ ಟೊಪ್ಪಿ. ಆ ಕಡೆಯಿಂದ ಹೂವಿನ ಅಡಿಯಲ್ಲಿ ಹಲಸಿನ ಹಪ್ಪಳ, ಒಂದು ಸೌತೆಕಾಯಿ. ಹೂವು ವಿಶೇಷವಾಗಿ ಚೆನ್ನಾಗಿದ್ದ ದಿನ ನಳಿನಾಕ್ಷಿ ಚಕ್ಕುಲಿ ಎರಡು ಹಿಡಿ ಹಾಕುತ್ತಿದ್ದಳು. ಅದು ಸುಗುಣಾಳಿಗೆ ಅರ್ಥವಾಗುತ್ತಿತ್ತು ಎಂಬುದಕ್ಕೆ ಮರುದಿನದ ಹೂವೇ ಸಾಕ್ಷಿ.

ಮಗ ಶಾಲೆಗೆ ಹೋಗತೊಡಗಿದ ಮೇಲೆ ನಳಿನಾಕ್ಷಿ ತಾನೂ ಡೊಂಬಿವಲಿಯ ಕನ್ನಡ ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿತಿದ್ದಳು. ಕಲಿತವಳೇ ಮೊದಲು ಬರೆಯಲು ಕೂತದ್ದು ಸುಗುಣಾಳಿಗೆ ಕಾಗದ. "ಸುಗುಣಕ್ಕನಿಗೆ ನಳಿನಾಕ್ಷಿಯ ನಮಸ್ಕಾರ" ಎಂದು ಗುಂಡಗೆ ಬರೆದು, ಮುಂದೇನು ಎಂದು ತೋಚದೆ, ಕಾಗದ ಮಡಚಿಟ್ಟು ಬುಟ್ಟಿಗೆ ಚಕ್ಕುಲಿ ಹಾಕಿದಳು. ಹೇಳಬೇಕಾದ್ದನ್ನು ಚಕ್ಕುಲಿ ಹೇಳುವಾಗ ಕಾಗದಕ್ಕೇನು ಅವಸರ? ನಾಳೆ ಬರೆದರಾಯಿತು ಎಂದು ಅದು ಅಕ್ಕಿ ಡಬ್ಬಿಯ ಕೆಳಗೆ ಉಳಿಯಿತು. ವರ್ಷಗಳು ಹೋದವು.

ಆಮೇಲೆ ಬಂದದ್ದು ಆ್ಯಪು. ಅದರಿಂದ ಒಳ್ಳೆಯದಾಯಿತು, ಇಲ್ಲವೆನ್ನಬಾರದು. ಮಳೆಗಾಲದಲ್ಲಿ ಬಸ್ಸು ಘಟ್ಟದಲ್ಲಿ ಸಿಕ್ಕಿಕೊಂಡು ಹೂವೆಲ್ಲ ಹಳದಿಯಾಗಿ ಬರುತ್ತಿದ್ದುದು ನಿಂತಿತು. ಊರಿನಲ್ಲಿ ಒಂದು ದರ, ಇಲ್ಲಿ ಒಂದು ದರ ಹೇಳುತ್ತಿದ್ದ ಏಜೆಂಟನ ಆಟವೂ ನಿಂತಿತು. ಹೂವು ಬೆಳೆಯುವವರಿಗೆ ಆ್ಯಪಿನ ಕಂಪನಿಯೇ ಫೋನು ಕೊಟ್ಟು, ಆ ದಿನದ ದರ ಆ ದಿನವೇ ಕಾಣುವಂತೆ ಮಾಡಿತು. ಹೂವು ಈಗ ತಂಪು ವ್ಯಾನಿನಲ್ಲಿ ನೆರೂಳಿಗೆ ಬಂದು, ಅಲ್ಲಿಂದ ಸ್ಕೂಟರಿನಲ್ಲಿ ನೇರ ಡೊಂಬಿವಲಿಗೆ, ನಳಿನಾಕ್ಷಿ ಕೂತಲ್ಲಿಗೇ ಬರುತ್ತಿತ್ತು. ಮಧ್ಯಾಹ್ನವಾದರೂ ಮೊಗ್ಗು ಮೊಗ್ಗಾಗಿಯೇ ಇರುತ್ತಿತ್ತು.

ಮೊದಲ ಪೆಟ್ಟಿಗೆ ಬಂದ ದಿನ ರಮಿತಾ ಅದರ ಮೇಲಿನ ಚೌಕದ ಗುರುತಿಗೆ ಮೊಬೈಲು ಹಿಡಿದಾಗ, ಸುಗುಣಾಳ ಮುಖ ಕಾಣಿಸಿತು. ನಳಿನಾಕ್ಷಿ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇವಳಾ?" ಎಂದಳು. "ನಾನು ದಪ್ಪ ಇರ್ತಾಳೆ ಅಂದುಕೊಂಡಿದ್ದೆ."

ಸುಗುಣಾಳ ಹೂವು ಬೇರೆಲ್ಲಿಗೂ ಹೋಗದೆ ತನ್ನಲ್ಲಿಗೇ ಬರುವಂತೆ ಗುರುತು ಹಾಕಿಸಿಕೊಂಡಳು. ಆದರೆ ಹೂವು ಬರುತ್ತಿದ್ದುದು ರಟ್ಟಿನ ಪೆಟ್ಟಿಗೆಯಲ್ಲಿ, ಮತ್ತು ಆ ಪೆಟ್ಟಿಗೆ ಹಿಂದಕ್ಕೆ ಹೋಗುವಂಥದಲ್ಲ. ಫೋನ್ ನಂಬರು ಕೊಡುವ ಪದ್ಧತಿಯೂ ಕಂಪನಿಯಲ್ಲಿರಲಿಲ್ಲ. ಬಸ್ಸಿನಲ್ಲಿ ಬಂದಿದ್ದ ಕಡೆಯ ಬುಟ್ಟಿ ದಿವಾದ ಖೋಲಿಯ ಗೋಡೆಯಲ್ಲಿ ಮೊಳೆಗೆ ತೂಗಿಕೊಂಡು ಉಳಿಯಿತು. ಅದರ ತಳದಲ್ಲಿ ಕೆಂಪು ಬಣ್ಣದಲ್ಲಿ ಸುಗುಣಾಳ ಹೆಸರು, ಮನೆಯ ಹೆಸರು, ಅಂಚೆ. ಎಂದಾದರೂ ಏನಾದರೂ ತುಂಬಿ ಕಳಿಸಬೇಕು ಎಂದು ದಿನವೂ ಅದನ್ನು ನೋಡುತ್ತಾ ನಳಿನಾಕ್ಷಿ ಚಹ ಕುಡಿಯುತ್ತಿದ್ದಳು.

ಅವಳ ಕೈಯಲ್ಲಿ ಸುಗುಣಾಳಿಗೆ ತಲುಪುವಂಥದು ಉಳಿದಿದ್ದದ್ದು ಆ ನಕ್ಷತ್ರಗಳು ಮಾತ್ರ. ಅದಕ್ಕೇ ಅವನ್ನು ಅಷ್ಟು ಜೋಪಾನವಾಗಿ ಒತ್ತುತ್ತಿದ್ದಳು.

ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಸುಗುಣಾಳ ಮುಖ ಬರುವುದು ನಿಂತಿತು. ಮಳೆಗಾಲದಲ್ಲಿ ಹೂವು ಕಡಿಮೆ, ಇರಬಹುದು ಎಂದುಕೊಂಡಳು. ಮಳೆ ಜೋರಾಗಿರುವ ಆಟಿ ತಿಂಗಳೂ ಕಳೆಯಿತು. ಬೇರೆ ಮುಖಗಳು ಬಂದವು. ಪೆಟ್ಟಿಗೆ ತರುವವನನ್ನು ಕೇಳಿದರೆ, "ಮೇರೆಕೋ ಕ್ಯಾ ಪತಾ ಮೌಶಿ, ಜೋ ದಿಯಾ ವೋ ಲಾಯಾ," ಎಂದು ಸ್ಕೂಟರು ತಿರುಗಿಸಿದ. ಹುಷಾರಿಲ್ಲವೇನೋ, ಬಿದ್ದು ಗಿದ್ದು ಮಾಡಿಕೊಂಡಳೇನೋ ಎಂದು ನಳಿನಾಕ್ಷಿಗೆ ಅನ್ನ ಇಳಿಯದಾಯಿತು. ಕಡೆಗೊಂದು ದಿನ ಹೂವನ್ನು ಪಕ್ಕದವಳಿಗೆ ಒಪ್ಪಿಸಿ, ಗಾಡಿ ಬದಲಿಸಿ, ನೆರೂಳಿನ ಕಂಪನಿ ಕಚೇರಿಗೆ ಹೋದಳು.

ಅಲ್ಲಿ ಸಿಕ್ಕಿದವನು ಶೈಲೇಶ್. ಬೆಳೆಗಾರರ ವಿಭಾಗ ನೋಡಿಕೊಳ್ಳುವವನು. ಹುಟ್ಟಿದ್ದು ನೆರೂಳಿನಲ್ಲಾದರೂ ಮನೆಯಲ್ಲಿ ಅಮ್ಮನ ಹತ್ತಿರ ತುಳುವೇ ಆಡುವವನು. ಕುರ್ಚಿ ಎಳೆದು ಕೂರಿಸಿದ, ನೀರು ತರಿಸಿದ, ಹೆಸರು ಕೇಳಿ ಕಂಪ್ಯೂಟರಿನಲ್ಲಿ ಹುಡುಕಿದ.

"ಹುಷಾರಿಲ್ಲದ್ದು ಅಲ್ಲ ಆಂಟಿ. ಅವರ ರೇಟಿಂಗ್ ಕಡಿಮೆ ಇತ್ತು. ತಿಂಗಳುಗಟ್ಟಲೆ ಸಾಡೇಚಾರ್, ನಾಲ್ಕೂವರೆಗಿಂತ ಕೆಳಗೇ ಇದ್ರೆ ಸಿಸ್ಟಮ್ಮೇ ಮುಂಬಯಿ ಬಾಕ್ಸಿನಿಂದ ತೆಗೆದುಬಿಡ್ತದೆ. ಯಾರೂ ಕೈಯಿಂದ ಮಾಡೂದಲ್ಲ."

"ರೇಟಿಂಗ್ ಅಂದ್ರೆ?"

"ಆ ಸ್ಟಾರ್ ಒತ್ತುತ್ತೀರಲ್ಲ, ಅದು."

ನಳಿನಾಕ್ಷಿಗೆ ಸಿಟ್ಟು ಬಂತು. "ಯಾರು ಒತ್ತಿದ್ದು ಅಷ್ಟು ಕಡಿಮೆ? ಅವಳ ಹೂವಿಗೆ ಕಡಿಮೆ ಹಾಕಲಿಕ್ಕೆ ಯಾರಿಗೆ ಕೈ ಬಂತು? ಮೂಗು ಉಂಟಾ ಇಲ್ವಾ ಅವರಿಗೆ?"

ಶೈಲೇಶ್ ಪರದೆ ನೋಡಿದ. ಅವಳನ್ನು ನೋಡಿದ. ಮತ್ತೆ ಪರದೆ ನೋಡಿದ.

"ಒಬ್ಬರೇ ಒತ್ತಿದ್ದು ಆಂಟಿ. ಅವರ ಹೂವು ಒಂದೇ ಕಡೆ ಹೋಗ್ತಿತ್ತು. ಡೊಂಬಿವಲಿ ಈಸ್ಟ್, ಸ್ಟೇಷನ್ ಹತ್ತಿರ. ಎಲ್ಲ ದಿನ ನಾಲ್ಕು."

ಹೊರಗೆ ಯಾರೋ ಪೆಟ್ಟಿಗೆಗಳನ್ನು ಎಳೆಯುತ್ತಿದ್ದ ಸದ್ದು ಬರುತ್ತಿತ್ತು. ನಳಿನಾಕ್ಷಿ ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

"ನಾನು ಚೆಂದ ಉಂಟು ಅಂತ ಒಂದು ಬಿಟ್ಟದ್ದು ಮಗಾ," ಎಂದಳು.

"ಆದ್ರೆ ಬೇರೆಯವರಿಗೆಲ್ಲ ಐದು ಕೊಟ್ಟಿದ್ದೀರಲ್ಲ?"

"ಅವರ ಮೇಲೆ ನಂಗೆ ಅಷ್ಟು ಪ್ರೀತಿ ಇರಲಿಲ್ಲ."

ಶೈಲೇಶ್ ಪರದೆ ಬಿಟ್ಟು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. ಅವನಿಗೆ ಅರ್ಥವಾಗಿತ್ತು, ಅದೇ ಕಷ್ಟವಾದದ್ದು. "ನನ್ನ ಮಗಳ ಅಂಗಾಲಿಗೆ ಅಮ್ಮ ಈಗ್ಲೂ ಕಾಡಿಗೆ ಹಚ್ತಾರೆ," ಎಂದ. "ಆದ್ರೆ ಇದನ್ನು ಸಿಸ್ಟಮ್ಮಿಗೆ ಹೇಗೆ ಹೇಳೂದು ಆಂಟಿ? ಅದಕ್ಕೆ ನಾಲ್ಕು ಅಂದ್ರೆ ಐದಕ್ಕಿಂತ ಒಂದು ಕಡಿಮೆ, ಅಷ್ಟೆ."

ಅವನು ಮತ್ತೆ ಪರದೆಯಲ್ಲಿ ಏನನ್ನೋ ನೋಡಿದ. "ಇಲ್ಲಿ ಅವರದ್ದೊಂದು ವಾಯ್ಸ್ ಮೆಸೇಜ್ ಉಂಟು. ಏಪ್ರಿಲಿನದ್ದು. ಅದನ್ನು ಕೇಳುವವರು ಹಿಂದಿಯವರು, ಭಾಷೆ ಗೊತ್ತಾಗಿಲ್ಲ. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಕಳಿಸಿ ಮುಚ್ಚಿದ್ದಾರೆ." ಮೌಸಿನ ಮೇಲೆ ಕೈಯಿಟ್ಟು ಕೇಳಿದ, "ಹಾಕ್ಲಾ?"

ಅವಳು ಹೂಂ ಎಂದಳೋ ಇಲ್ಲವೋ, ಅವನು ಒತ್ತಿದ.

ಮೊದಲು ಒಂದು ಕೋಳಿ ಕೂಗಿದ್ದು ಕೇಳಿಸಿತು. ಆಮೇಲೆ, ಫೋನು ದೂರದಲ್ಲಿದೆ ಎಂದುಕೊಂಡು ಗಟ್ಟಿಯಾಗಿ ಆಡಿದ ಒಂದು ಹೆಣ್ಣುದನಿ.

"ಇದು ಡೊಂಬಿವಲಿಯ ನಳಿನಕ್ಕನಿಗೆ. ನಾನು ಸುಗುಣಾ. ಹೂವಿನಲ್ಲಿ ಎಂತ ಕಡಿಮೆ ಆಗ್ತದೆ ಅಂತ ಒಂದು ಮಾತು ಹೇಳಿದ್ರೆ ಸರಿ ಮಾಡ್ತೇನೆ. ಮೊಗ್ಗು ಸಣ್ಣ ಆಯ್ತಾ? ನಾರು ಬಿಗಿ ಆಯ್ತಾ? ಈಗ ಇನ್ನೂ ಬೇಗ ಎದ್ದು ಕೊಯ್ತಾ ಇದ್ದೇನೆ. ಸಣ್ಣದನ್ನೆಲ್ಲ ಆರಿಸಿ ತೆಗೀತೇನೆ. ಆದ್ರೂ ನಾಲ್ಕೇ ಬರ್ತದೆ. ಮೊದಲು ಬುಟ್ಟಿ ಬರುವಾಗ ನಂಗೆ ಗೊತ್ತಾಗ್ತಿತ್ತು, ನಿಮಗೆ ಸರಿ ಆಯ್ತಾ ಇಲ್ವಾ ಅಂತ. ಈಗ ಗೊತ್ತಾಗೂದಿಲ್ಲ. ಬೇಜಾರು ಮಾಡಬೇಡಿ, ಹಾಂ. ಒಂದು ಮಾತು ಹೇಳಿ." ಮತ್ತೆ ಯಾರಿಗೋ, ಮೆಲ್ಲಗೆ, "ಭಾಗ್ಯಾ, ಇದು ನಿಲ್ಲಿಸೂದು ಹೇಗೆ?"

ಅಷ್ಟು ವರ್ಷಗಳಲ್ಲಿ ನಳಿನಾಕ್ಷಿ ಆ ದನಿಯನ್ನು ಕೇಳಿದ್ದು ಅದೇ ಮೊದಲು.

ಅವಳು ಅಲ್ಲಿ ಅಳಲಿಲ್ಲ. ಅತ್ತದ್ದು ಗಾಡಿಯಲ್ಲಿ. ಕಿಟಕಿಯ ಹತ್ತಿರ ನಿಂತಿದ್ದ ಹುಡುಗಿಯೊಬ್ಬಳು ಏನೂ ಕೇಳದೆ ತನ್ನ ನೀರಿನ ಬಾಟಲಿ ಚಾಚಿದಳು.

ಒಳ್ಳೆಯ ಹುಡುಗ ಶೈಲೇಶ್. ಸುಮ್ಮನೆ ಬಿಡಲಿಲ್ಲ. ವಾರ ಕಳೆಯುವುದರೊಳಗೆ ಅವನೇ ಫೋನು ಮಾಡಿದ. "ಆಂಟಿ, ಅಲ್ಲಿ ಊರಿನ ನಮ್ಮ ಹುಡುಗನನ್ನು ಅವರ ಮನೆಗೇ ಕಳಿಸಿದೆ. ಗಿಡ ಎಲ್ಲ ಪಕ್ಕದ ಮನೆಯವರಿಗೆ ಬಿಟ್ಟುಕೊಟ್ಟಿದ್ದಾರಂತೆ. ಕಂಪನಿ ಫೋನೂ ವಾಪಸ್. ಹೊಸದಾಗಿ ಸೇರಿಸ್ತೇವೆ ಅಂದ್ರೂ ಒಪ್ಪಲಿಲ್ಲ. 'ನನ್ನ ಹೂವು ಮುಂಬಯಿಗೆ ಸಾಲೂದಿಲ್ಲ' ಅಂದ್ರಂತೆ."

"ನಾನು ಯಾಕೆ ಒಂದು ಬಿಟ್ಟದ್ದು ಅಂತ ಅವನು ಹೇಳಿದನಾ?"

"ಹೇಳಿದ. ಸಮಾಧಾನಕ್ಕೆ ಹೇಳ್ತಾ ಇದ್ದಾನೆ ಅಂದುಕೊಂಡ್ರು. ಹಾಗಿದ್ರೆ ನಳಿನಕ್ಕನೇ ಹೇಳ್ತಿದ್ರು ಅಂದ್ರಂತೆ." ಮತ್ತೆ ಅವನೇ ಹೇಳಿದ, "ಅದನ್ನು ನೀವೇ ಹೇಳ್ಬೇಕು ಆಂಟಿ. ಭಾಗ್ಯಾ ಅವರ ನಂಬರು ಕೊಡ್ಲಾ?"

ನಂಬರು ಬರೆದುಕೊಂಡಳು. ಒತ್ತಲಿಲ್ಲ. ಒತ್ತಿ ಏನು ಹೇಳುವುದು? ಹಲೋ ಎಂದ ಮೇಲೆ ಎರಡನೆಯ ಮಾತು ಯಾವುದು? ಬರೆಯುವುದೇ ಮೇಲು ಎಂದು ಅಕ್ಕಿ ಡಬ್ಬಿಯ ಕೆಳಗಿನ ಹಳೆಯ ಕಾಗದ ತೆಗೆದಳು. ಮಡಿಕೆಯ ಗೆರೆಯಲ್ಲಿ ಹಳದಿಯಾಗಿ, "ಸುಗುಣಕ್ಕನಿಗೆ ನಳಿನಾಕ್ಷಿಯ ನಮಸ್ಕಾರ" ಇನ್ನೂ ಹಾಗೆಯೇ ಇತ್ತು. ಅದರ ಕೆಳಗೆ ಪೆನ್ನು ಇಟ್ಟಳು. ಪ್ರೀತಿಯಿಂದ ಮಾಡಿದೆ ಎಂದು ಬರೆದರೆ, ಆ ಪ್ರೀತಿ ಮಾಡಿದ ಕೆಲಸವನ್ನು ಯಾವ ಸಾಲಿನಲ್ಲಿ ಬರೆಯುವುದು? ಮತ್ತೆ ಮಡಚಿದಳು.

ಚೌತಿಗೆ ಬರೆಯುತ್ತೇನೆ ಎಂದಳು. ಚೌತಿಯ ಹೂವಿನ ಗಲಾಟೆಯಲ್ಲಿ ಆಗಲಿಲ್ಲ. ನವರಾತ್ರಿಗೆ ಎಂದಳು. ಒಂದು ಬೆಳಿಗ್ಗೆ ಬುಟ್ಟಿಯನ್ನು ಮೊಳೆಯಿಂದ ಇಳಿಸಿ, ಧೂಳು ಒರೆಸಿ, ಪನ್ವೇಲ್ ಗಾಡಿ ಹತ್ತಿ ಕಳಂಬೋಲಿಗೂ ಹೋಗಿಬಂದಳು. ಬಸ್ಸು ಬಂತು, ಪೂವಪ್ಪ ಇಳಿದು, "ಏನು ನಳಿನಕ್ಕ, ದಾರಿ ತಪ್ಪಿತಾ?" ಎಂದ. "ಸುಮ್ಮನೆ, ಗಾಳಿಗೆ ಬಂದದ್ದು," ಎಂದಳು. "ಕಬ್ಬಿಣದ ಗಾಳಿಗೆ ಯಾರು ಬರ್ತಾರೆ ಮಾರಾಯ್ರೆ," ಎಂದು ಅವನು ನಕ್ಕ. ಬುಟ್ಟಿಯನ್ನು ಸೆರಗಿನಲ್ಲಿ ಮರೆಮಾಡಿಕೊಂಡೇ ವಾಪಸು ಬಂದಳು. ಅದು ಬರಿದಾಗಿತ್ತು. ಬರಿದು ಕಳಿಸುವುದು ಹೇಗೆ?

ರಮಿತಾಳಿಗೆ ಎಲ್ಲವೂ ತಿಳಿದಿತ್ತು. ಅವಳು ಒಮ್ಮೆ ಮಾತ್ರ ಹೇಳಿದಳು, ಈ ಸಲ ಹಿಂದಿ ಬೆರೆಸದೆ: "ಅತ್ತೆ, ಅವರು ಕಾಯ್ತಾ ಇರ್ತಾರೆ."

"ಗೊತ್ತುಂಟು," ಎಂದಳು ನಳಿನಾಕ್ಷಿ.

ಹೂವು ಮಾರುವುದು ಮಾತ್ರ ನಿಲ್ಲಲಿಲ್ಲ. ಪೆಟ್ಟಿಗೆ ಬರುತ್ತಿತ್ತು, ಪ್ರಶ್ನೆ ಬರುತ್ತಿತ್ತು. ಯಾವ ಮುಖ, ಯಾವ ಹೆಸರು ಎಂದು ನೋಡುವ ಆಸೆಯೇ ಅವಳಿಗೆ ಹೊರಟುಹೋಗಿತ್ತು. ಚೆಂಡಿನ ಕೊನೆಯ ಗಂಟನ್ನು ತಿರುಗಿಸಿ ನೋಡುವುದನ್ನೂ ಬಿಟ್ಟಿದ್ದಳು; ಕಣ್ಣು ಬೇರೆಲ್ಲೋ ಇಟ್ಟು ಐದನ್ನೂ ಒತ್ತಿಬಿಡುವಳು. ಇನ್ನು ಯಾರಿಗೂ ಒಂದು ಕಡಿಮೆ ಮಾಡುವ ಧೈರ್ಯ ಅವಳಿಗಿರಲಿಲ್ಲ.

ದೀಪಾವಳಿ ಕಳೆದು ಮದುವೆಗಳ ಕಾಲ ಬಂತು. ಸುಶೀಲಾಬಾಯಿಯ ಮೈದುನನ ಮಗಳು ಐಶ್ವರ್ಯಾಳ ನಿಶ್ಚಯ. ಮೊಳದ ಲೆಕ್ಕ ಬೇಡ, ಇಡೀ ಚೆಂಡೇ ಕೊಡು ಎಂದು ಬಾಯಿ ಬೆಳಿಗ್ಗೆಯೇ ಬಂದು ನಿಂತರು. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಏ ನಳಿನಾಕ್ಷಿ, ಇದೊಂದ ಹೂವ ಉಲ್ಟಾ ಕಟ್ಟ್ಯಾರ ನೋಡಿಲ್ಲೆ. ಕಟ್ಟಾಕೀಗೆ ನಿದ್ದಿ ಬಂದಿತ್ತೇನ?"

ನಳಿನಾಕ್ಷಿ ಚೆಂಡನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡಳು. ನಾರಿನ ಕೊನೆಯ ಗಂಟಿನಲ್ಲಿ, ಎಲ್ಲ ಹೂವೂ ಮೇಲೆ ನೋಡುತ್ತಿರುವಾಗ, ಒಂದು ಮಾತ್ರ ನೆಲ ನೋಡುತ್ತಿತ್ತು. ಪೆಟ್ಟಿಗೆಯಲ್ಲಿದ್ದ ಇನ್ನೊಂದು ಚೆಂಡು ತೆಗೆದಳು. ಅದರಲ್ಲೂ ಇತ್ತು. ಮೊಬೈಲು ತೆಗೆದು ನೋಡಿದಳು. ಫೋಟೋದಲ್ಲಿ ದುಂಡು ಮುಖದ, ನಗುವ ಹೆಂಗಸು. ಅನಸೂಯಾ. ಶಿರ್ವದ ಹತ್ತಿರ. ಅದೇ ಅಂಚೆ, ಬುಟ್ಟಿಯ ತಳದಲ್ಲಿದ್ದದ್ದು.

ಪಕ್ಕದ ಮನೆಯವರಿಗೆ ಬಿಟ್ಟುಕೊಟ್ಟ ಗಿಡ. ಅದೇ ಗಿಡದ ಹೂವು. ಸುಗುಣಾ ಈಗ ಕೂಲಿಗೆ ಕೂತು ಅದನ್ನು ಬೇರೊಬ್ಬರ ಹೆಸರಿಗೆ ಕಟ್ಟುತ್ತಿದ್ದಾಳೆ. ಅನಸೂಯಾಳ ಹೆಸರಿನ ಮುಂದೆ ಐದು ನಕ್ಷತ್ರಗಳೂ ಹಳದಿಯಾಗಿ ತುಂಬಿದ್ದವು, ಒಂದೂ ಕಡಿಮೆಯಿಲ್ಲ. ತುಂಬಿದ ಕೈ ಯಾರದು ಎಂದು ನಳಿನಾಕ್ಷಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೋಡದೆ ಒತ್ತಿದ್ದಳು, ದಿನವೂ.

ಅಲ್ಲಿ ಆ ಅಂಗಳದಲ್ಲಿ, ತನ್ನ ಕೈಯ ಹೂವು ತನ್ನ ಹೆಸರಿನಲ್ಲಿ ಹೋದಾಗ ನಾಲ್ಕು, ಅನಸೂಯಾಳ ಹೆಸರಿನಲ್ಲಿ ಹೋದಾಗ ಐದು ಎಂಬುದನ್ನು ಸುಗುಣಾ ನೋಡಿರಲೇಬೇಕು. ನೋಡಿ ಏನೆಂದುಕೊಂಡಿರಬೇಕು? ಹಾಗೆ ಅಂದುಕೊಂಡ ಮೇಲೂ ಕೂತು, ನಾರು ಸುತ್ತಿ, ಕೊನೆಯ ಹೂವನ್ನು ತಲೆಕೆಳಗೆ ಮಾಡಿದ್ದಳು. ಯಾರದೋ ಹೂವಿಗೆ ದೃಷ್ಟಿಯಾಗಬಾರದು ಎಂದು.

"ಯಾಕವಾ? ಏನಾತು? ನಾ ಏನೋ ಅಂದ್ನಿ ಅಂತ..." ಸುಶೀಲಾಬಾಯಿ ಕೈಚೀಲ ಕೆಳಗಿಟ್ಟು ಅವಳ ಭುಜ ಹಿಡಿದರು. "ಹೂವ ಚಲೋ ಅದಾವ. ಖರೇನ ಚಲೋ ಅದಾವ. ಬಾಯಿಬಿಟ್ಟ ಹೇಳೀನಿ ನೋಡ."

"ಹೇಳಬೇಕು ಬಾಯಿ," ಎಂದಳು ನಳಿನಾಕ್ಷಿ. "ಬಾಯಿಬಿಟ್ಟೇ ಹೇಳಬೇಕು."

ಅಂದು ಉಳಿದ ಹೂವನ್ನು ಕೇಳಿದವರಿಗೆಲ್ಲ ಕೇಳಿದಷ್ಟು ಕೊಟ್ಟು ಬೇಗ ಎದ್ದಳು. ಮಧ್ಯಾಹ್ನದ ಬಿಸಿಲು ಖೋಲಿಯ ಹೊಸ್ತಿಲಿಗೆ ಬಂದಿತ್ತು. ಹೊಸ್ತಿಲಲ್ಲೇ ಕೂತು, ಹಲಗೆಯ ಮೇಲೆ ಆ ಹಳೆಯ ಕಾಗದ ಹರಡಿ, ಎಂದೋ ಬರೆದಿದ್ದ ಮೊದಲ ಸಾಲಿನ ಕೆಳಗೆ ಬರೆಯತೊಡಗಿದಳು. ಈ ಸಲ ಪೆನ್ನು ನಿಲ್ಲಲಿಲ್ಲ.

"ಸುಗುಣಕ್ಕನಿಗೆ ನಳಿನಾಕ್ಷಿಯ ನಮಸ್ಕಾರ. ನಿಮ್ಮ ಹೂವಿನಲ್ಲಿ ಕಡಿಮೆ ಏನೂ ಇರಲಿಲ್ಲ. ಮೊಗ್ಗು ಸಣ್ಣದಿರಲಿಲ್ಲ, ನಾರು ಬಿಗಿಯಿರಲಿಲ್ಲ. ಇಷ್ಟು ವರ್ಷದಲ್ಲಿ ಅಂಥ ಹೂವು ನಾನು ಕಂಡಿಲ್ಲ. ನೀವು ಕೊನೆಯ ಹೂವನ್ನು ತಲೆಕೆಳಗೆ ಕಟ್ಟುತ್ತೀರಲ್ಲ, ಹಾಗೇ ನಾನು ಒಂದು ನಕ್ಷತ್ರ ಬಿಟ್ಟೆ. ನಿಮಗೆ ತಿಳಿಯುತ್ತದೆ ಅಂದುಕೊಂಡೆ. ನೀವು ಕೇಳಿದ ಮಾತು ನನಗೆ ತಲುಪಿದ್ದು ಗಿಡ ಹೋದ ಮೇಲೆ. ಆಮೇಲೂ ಇಷ್ಟು ದಿನ ಸುಮ್ಮನಿದ್ದದ್ದು ನಾಚಿಕೆಯಿಂದ. ಅನಸೂಯಮ್ಮನ ಹೆಸರಿಗೆ ಐದು ಒತ್ತಿದ್ದೂ ನಾನೇ, ನೋಡದೆ ಒತ್ತಿದ್ದು. ಇವತ್ತು ಆ ಚೆಂಡಿನಲ್ಲಿ ನಿಮ್ಮ ಕೈ ಕಂಡಿತು. ಗಿಡ ನಾನು ತಿರುಗಿ ಕೊಡಿಸಲಾರೆ. ನಿಮ್ಮ ಹೂವು ಮುಂಬಯಿಗೆ ಸಾಲಲಿಲ್ಲ ಎಂದು ಮಾತ್ರ ಅಂದುಕೊಳ್ಳಬೇಡಿ. ಮುಂಬಯಿಯೇ ಅದಕ್ಕೆ ಸಾಲಲಿಲ್ಲ. ನಿಮ್ಮ ದನಿ ಕೇಳಿದೆ. ಹಿಂದೆ ಕೋಳಿ ಕೂಗುತ್ತಿತ್ತು."

ಅಲ್ಲಿಗೆ ಕಾಗದ ತುಂಬಿತು. ಹೆಸರು ಬರೆಯಲು ಅಂಚಿನಲ್ಲಷ್ಟೇ ಜಾಗವಿತ್ತು.

ಮರುದಿನ ಅವಳು ಪನ್ವೇಲ್ ಗಾಡಿಯಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಳಂಬೋಲಿಯಲ್ಲಿ ಹೆದ್ದಾರಿಯ ಆಚೆ ಬದಿಗೆ ದಾಟಿ ನಿಂತಳು. ಊರಿಗೆ ಹೋಗುವ ಬಸ್ಸು ನಿಲ್ಲುವುದು ಆ ಬದಿಯಲ್ಲಿ. ತುಂಬ ಹೊತ್ತು ಕಾಯಬೇಕಾಯಿತು. ಕಬ್ಬಿಣದ ಸರಳು ಹೊತ್ತ ಲಾರಿಗಳು ನೆಲ ನಡುಗಿಸುತ್ತಾ ಹೋದವು. ಬಸ್ಸು ಬಂದಾಗ ಪೂವಪ್ಪನೇ ಬಾಗಿಲಲ್ಲಿದ್ದ.

"ಬುಟ್ಟಿ," ಎಂದಳು. "ಸುಗುಣಂಗೆ. ಅವಳ ಕೈಗೇ ಕೊಡಬೇಕು."

ಪೂವಪ್ಪ ಅದನ್ನು ಅಲ್ಲಾಡಿಸಿ ನೋಡಿದ. "ಹಗುರ ಉಂಟಲ್ಲ ನಳಿನಕ್ಕ. ಈ ಸಲ ಚಕ್ಕುಲಿ ಇಲ್ವಾ?"

"ಇಲ್ಲ. ಒಂದು ಕಾಗದ ಉಂಟು."

ಅವನು ಬುಟ್ಟಿಯನ್ನು ತನ್ನ ಸೀಟಿನ ಹಿಂದೆ, ಬೀಳದ ಹಾಗೆ, ಹಗ್ಗಕ್ಕೆ ಸಿಕ್ಕಿಸಿದ. ಬಾಗಿಲು ಮುಚ್ಚಿಕೊಂಡಿತು. ಬಸ್ಸು ಲಾರಿಗಳ ಸಾಲಿಗೆ ಸೇರಿ, ಪನ್ವೇಲಿನ ಕಡೆಗೆ ಹೊರಟುಹೋಯಿತು.